ತೊಟ್ಟು ಒಣಗುವವರೆಗೆ: ಬ್ಯಾಡಗಿ ಡಬ್ಬಿ ಮೆಣಸಿನಕಾಯಿ ಒಣಗಿಸಿದ ನನ್ನ ಅನುಭವ

ಮೊದಲ ವರ್ಷ ನನ್ನ ಕೈಯಿಂದ ಒಣಗಿ ಚೀಲ ಸೇರಿದ್ದು 9 ಚೀಲ ಮೆಣಸಿನಕಾಯಿ. ಅದರಲ್ಲಿ 3 ಚೀಲ ಹಾಳಾದವು. ಬಿಸಿಲಿಗೇನೂ ಕೊರತೆ ಇರಲಿಲ್ಲ. ಜನವರಿಯ ಬಿಸಿಲು, 11 ದಿನ ಒಂದು ಮೋಡ ಕಾಣಲಿಲ್ಲ. ಕಾಯಿ ಮುಟ್ಟಿದರೆ ಗರಿಗರಿ ಅನ್ನುತ್ತಿತ್ತು. ಆಯ್ತು ಅಂತ ತುಂಬಿ, ಬಾಯಿ ಹೊಲಿದು, ಪಡಸಾಲೆಯ ಮೂಲೆಗೆ ಒತ್ತಿಟ್ಟೆ. ಇಪ್ಪತ್ತು ದಿನ ಬಿಟ್ಟು ಒಂದು ಚೀಲ ಬಿಚ್ಚಿ ಕೈ ಹಾಕಿದೆ. ಒಳಗೆ ಬೆಚ್ಚಗಿತ್ತು! ಹಸಿ ಗೋಣಿಯ ವಾಸನೆ. ಒಂದು ಕಾಯಿ ಮುರಿದೆ. ಹೊರಗೆ ಕೆಂಪಗೆ, ಚೆಂದಗೆ ಇದೆ. ಒಳಗೆ ತೊಟ್ಟಿನ ಬುಡದಲ್ಲಿ, ಬೀಜ ಅಂಟಿಕೊಂಡಿರುತ್ತಲ್ಲ ಆ ಗಂಟಿನ ಸುತ್ತ, ಹತ್ತಿಯ ಎಳೆಯ ಹಾಗೆ ಬೂದು ಬೂಷ್ಟು.

ಅವತ್ತು ಪಕ್ಕದ ಮನೆಯ ಚಿಗವ್ವ ಬಂದು ನೋಡಿದರು. ಎರಡು ಕಾಯಿ ಎತ್ತಿ, ತೊಟ್ಟು ಹಿಡಿದು ಬಾಗಿಸಿದರು. ಅದು ಮುರಿಯದೆ ಹಸಿ ಕಡ್ಡಿಯ ಹಾಗೆ ಬಳುಕಿತು. "ತೊಟ್ಟು ನೋಡ್ಬೇಕಪಾ ತಮ್ಮಾ, ಬರೀ ಮೈ ಮುಟ್ಟಿ ನೋಡಿದ್ರ ಏನ್ ಗೊತ್ತಾಕ್ಕೈತಿ?" ಅಂದರು. ಅಷ್ಟೇ. ಬೈಯಲಿಲ್ಲ. ಬೈದಿದ್ದರೆ ವಾಸಿ ಇತ್ತು.

ನಾನು ಹುಬ್ಬಳ್ಳಿಯಲ್ಲಿ ಕೆಲಸ ಮಾಡುವವನು. ಕುಂದಗೋಳದ ಕಡೆ ಒಂದು ಎಕರೆ ಎರಿ ಹೊಲ, ಅಂದರೆ ಕಪ್ಪು ಮಣ್ಣಿನ ಹೊಲ ಇದೆ. ಮಳೆ ನಂಬಿದ ಹೊಲ. ನಮ್ಮ ಕಡೆ ಮೊದಲಿನಿಂದ ರೂಢಿ ಇರುವ ಹಾಗೆ ಮೆಣಸಿನಕಾಯಿ, ಉಳ್ಳಾಗಡ್ಡಿ, ಹತ್ತಿ ಮೂರನ್ನೂ ಒಂದೇ ಹೊಲದಲ್ಲಿ ಹಾಕುತ್ತೇವೆ. ಅಪ್ಪನ ಮೊಣಕಾಲು ಕೈಕೊಟ್ಟ ಮೇಲೆ ಸುಗ್ಗಿಯ ಕೆಲಸ ನನ್ನ ತಲೆಗೆ ಬಂತು. ಅಪ್ಪ ಇಷ್ಟು ವರ್ಷ ಒಣಗಿಸಿದ್ದನ್ನು ನೋಡಿದ್ದೆ. ಆದರೆ ನೋಡಿದ್ದಕ್ಕೂ ಮಾಡಿದ್ದಕ್ಕೂ ವ್ಯತ್ಯಾಸ ಇದೆ ಅಲ್ವಾ? ಯಾವಾಗ ತುಂಬಬೇಕು ಅಂತ ಒಮ್ಮೆಯೂ ಕೇಳಿರಲಿಲ್ಲ. ಕಾಯಿ ಕೆಂಪಾದರೆ ಬಿಡಿಸೋದು, ಬಿಸಿಲಿಗೆ ಹಾಕೋದು, ಮಾರೋದು. ಇಷ್ಟೇ ಅಂದುಕೊಂಡಿದ್ದೆ.

ನಾವು ಹಾಕುವುದು ಬ್ಯಾಡಗಿ ಡಬ್ಬಿ. ಬ್ಯಾಡಗಿಯಲ್ಲಿ ಎರಡು ಜಾತಿ. ಕಡ್ಡಿ ಉದ್ದಕ್ಕೆ, ತೆಳ್ಳಗೆ ಇರುತ್ತದೆ, ಬೀಜ ಕಡಿಮೆ. ಡಬ್ಬಿ ಗಿಡ್ಡ, ಹೊಟ್ಟೆ ದಪ್ಪ, ಬೀಜ ಜಾಸ್ತಿ, ಬಣ್ಣ ಗಾಢ. ಈ ಹೊಟ್ಟೆಯೇ ಸಮಸ್ಯೆ. ಕಡ್ಡಿ ಕಾಯಿ ಒಣಗುವ ಹೊತ್ತಿಗೆ ಡಬ್ಬಿಯ ಒಳಗೆ ಇನ್ನೂ ತೇವ ಕೂತಿರುತ್ತದೆ. ಸಿಪ್ಪೆ ಮೊದಲು ಒಣಗುತ್ತದೆ, ಆಮೇಲೆ ಬೀಜ, ಕೊನೆಗೆ ತೊಟ್ಟು ಮತ್ತು ಆ ಗಂಟು. ನಾನು ಸಿಪ್ಪೆ ಮುಟ್ಟಿ ಮೋಸ ಹೋಗಿದ್ದೆ. ಚೀಲದೊಳಗೆ ಸೇರಿದ ಮೇಲೆ ಗಂಟಿನಲ್ಲಿದ್ದ ತೇವ ಸುಮ್ನೆ ಇರುವುದಿಲ್ಲ. ಮೆಲ್ಲಗೆ ಹೊರಗೆ ಬಂದು ಸಿಪ್ಪೆಯನ್ನೂ ಮೆತ್ತಗೆ ಮಾಡುತ್ತದೆ. ಗಾಳಿ ಇಲ್ಲ, ಕಾವು ಇದೆ. ಬೂಷ್ಟಿಗೆ ಇನ್ನೇನು ಬೇಕು?

ಎರಡನೇ ವರ್ಷ ಬಿಡಿಸುವಾಗಿನಿಂದಲೇ ಬದಲಾಯಿಸಿದೆ. ಕಾಯಿ ಕೆಂಪಾದ ಕೂಡಲೇ ಕೈ ಹಚ್ಚಲಿಲ್ಲ. ಗಿಡದ ಮೇಲೆಯೇ ಮೈ ಸುಕ್ಕು ಬೀಳುವವರೆಗೆ ಬಿಟ್ಟೆ. ಹಾಗೆ ಬಿಟ್ಟರೆ ಅರ್ಧ ನೀರು ಗಿಡದಲ್ಲೇ ಹೋಗಿರುತ್ತದೆ, ಬಣ್ಣವೂ ಪೂರ್ತಿ ಕೂತಿರುತ್ತದೆ. ಬೆಳಿಗ್ಗೆ ಇಬ್ಬನಿ ಆರಿದ ಮೇಲೆ, ಒಂಬತ್ತೂವರೆ ಹತ್ತಕ್ಕೆ ಆಳುಗಳು ಹೊಲಕ್ಕೆ ಇಳಿದರು. ಹಿಂದಿನ ವರ್ಷ ಕೂಲಿ ಉಳಿಯಲಿ ಅಂತ ಏಳಕ್ಕೇ ಇಳಿಸಿದ್ದೆ. ಒದ್ದೆ ಕಾಯಿ ಒಂದರ ಮೇಲೊಂದು ಬಿದ್ದು ಚುಕ್ಕೆ ಬಂದಿತ್ತು. ಕಾಯಿಯನ್ನು ತೊಟ್ಟಿನ ಸಮೇತ ಬಿಡಿಸಬೇಕು. ತೊಟ್ಟು ಕಿತ್ತರೆ ಬೇಗ ಒಣಗುತ್ತದೆ, ನಿಜ. ಆದರೆ ಆ ತೂತಿನಿಂದ ಧೂಳು, ಹುಳ ಎಲ್ಲ ಒಳಗೆ ಹೋಗುತ್ತವೆ, ಬೀಜವೂ ಉದುರುತ್ತದೆ.

ಬಿಡಿಸಿದ್ದನ್ನು ನೇರ ಬಿಸಿಲಿಗೆ ಹಾಕಲಿಲ್ಲ. ಇದು ಚಿಗವ್ವನ ಮಾತು. ಪಡಸಾಲೆಯಲ್ಲಿ ಗೋಣಿ ಹಾಸಿ, ಮೊಣಕಾಲೆತ್ತರ ಗುಂಪಿ ಹಾಕಿ, ಮೇಲೆ ಇನ್ನೊಂದು ಗೋಣಿ ಮುಚ್ಚಿದೆ. ಎರಡು ರಾತ್ರಿ. ಅರೆಗೆಂಪು, ಹಸಿರು ಚಾಯೆ ಇದ್ದ ಕಾಯಿಗಳೆಲ್ಲ ಅಷ್ಟರಲ್ಲಿ ಒಂದೇ ಬಣ್ಣಕ್ಕೆ ಬಂದವು. ನೇರ ಬಿಸಿಲಿಗೆ ಹಾಕಿದ್ದರೆ ಅವು ಹಳದಿ ತಿರುಗಿ ಹಾಗೇ ಒಣಗುತ್ತಿದ್ದವು. ಆದರೆ ಎರಡು ರಾತ್ರಿಗಿಂತ ಜಾಸ್ತಿ ಬೇಡ. ದಿನಕ್ಕೆ ಎರಡು ಸಲ ಗುಂಪಿಯ ನಡುವೆ ಮೊಣಕೈವರೆಗೆ ಕೈ ಇಳಿಸಿ ನೋಡುತ್ತಿದ್ದೆ. ಬೆಚ್ಚಗಿದ್ದರೆ ಸರಿ, ಬಿಸಿ ಅನ್ನಿಸಿದರೆ ಆಗಲೇ ಹರಡಬೇಕು. (ಕೈ ಇಳಿಸಿದ ಮೇಲೆ ಆ ಕೈ ಕಣ್ಣಿಗೆ ಹಚ್ಚಿಕೊಳ್ಳಬೇಡಿ. ಬ್ಯಾಡಗಿ ಖಾರ ಕಡಿಮೆ ಅಂತಾರೆ. ಕಣ್ಣಿಗೆ ಅದು ಗೊತ್ತಿರುವುದಿಲ್ಲ.)

ಗುಂಪಿಯಿಂದ ತೆಗೆಯುವಾಗಲೇ ಆರಿಸಿದೆವು. ಕೊಳೆ ಚುಕ್ಕೆ ಇದ್ದದ್ದು, ಬಣ್ಣ ಹೋದ ಬಿಳಿಗಾಯಿ, ಹುಳ ಕೊರೆದದ್ದು ಬೇರೆ. ಒಳ್ಳೆಯ ಹಣ್ಣುಗಾಯಲ್ಲಿ ಒಂದು ಬುಟ್ಟಿ ಅವ್ವ ರಂಜಕಕ್ಕೆ (ಹಣ್ಣುಗಾಯಿಯ ಕೆಂಪು ಚಟ್ನಿ) ಅಂತ ಎತ್ತಿಟ್ಟಳು. ಅದು ಲೆಕ್ಕದಿಂದ ಹೊರಗೆ.

ಒಣಗಿಸಿದ ಜಾಗವನ್ನೂ ಬದಲಿಸಿದೆ. ಅಪ್ಪನ ಕಾಲದಲ್ಲಿ ಸಗಣಿ ಸಾರಿಸಿದ ಕಣ. ನೋಡಲು ಚೆಂದ. ಆದರೆ ಮಣ್ಣಿನಲ್ಲೇ ಬೂಷ್ಟಿನ ಬೀಜ ಇರುತ್ತದೆ, ಜೊತೆಗೆ ನೆಲ ರಾತ್ರಿ ತೇವ ಮೇಲಕ್ಕೆ ಬಿಡುತ್ತದೆ. ನಾನು ದಪ್ಪ ತಾಡಪತ್ರಿ ಹಾಸಿದೆ. ಒಂದು ಪಾಲನ್ನು ಮಾತ್ರ ಪರೀಕ್ಷೆಗೆ ಅಂತ ಕಲ್ಲಿನ ಮೇಲೆ ಬಿದಿರು ತಟ್ಟಿ ಇಟ್ಟು, ಅದರ ಮೇಲೆ ಬಲೆ ಬಿಗಿದು ಹರಡಿದೆ. ತಟ್ಟಿಯ ಕಾಯಿ ಮೂರು ದಿನ ಮೊದಲೇ ಒಣಗಿತು. ಕೆಳಗಿನಿಂದಲೂ ಗಾಳಿ ಆಡುತ್ತದಲ್ಲ. ಒಂದು ಎಕರೆ ಕಾಯಿಗೆಲ್ಲ ತಟ್ಟಿ ಮಾಡಿಸುವ ದುಡ್ಡು ನನ್ನ ಹತ್ತಿರ ಇಲ್ಲ, ಮನೆ ಖರ್ಚಿನ ಕಾಯಿಗೆ ಮಾತ್ರ ಈಗ ಅದೇ.

ಹರಡುವ ದಪ್ಪ ಎರಡು ಮೂರು ಇಂಚು. ಮೊದಲ ಎರಡು ದಿನ ಜಾಸ್ತಿ ತಿರುವಬಾರದು, ಕಾಯಿ ಮೆತ್ತಗಿರುತ್ತದೆ, ಸಿಪ್ಪೆ ಬಿರಿಯುತ್ತದೆ. ಮೂರನೇ ದಿನದಿಂದ ಬಿಸಿಲು ಏರಿದ ಮೇಲೆ ದಿನಕ್ಕೆ ಎರಡು ಮೂರು ಸಲ ಕೈಯಾಡಿಸಿದೆ. ಸಂಜೆ ಐದಕ್ಕೆ ಗುಂಪಿ ಮಾಡಿ ಮುಚ್ಚೋದು, ಬೆಳಿಗ್ಗೆ ಇಬ್ಬನಿ ಆರಿದ ಮೇಲೆ ಬಿಚ್ಚೋದು. ಇದನ್ನು ಒಂದು ದಿನವೂ ತಪ್ಪಿಸಬಾರದು. ರಾತ್ರಿ ಇಬ್ಬನಿ ಕುಡಿದ ಕಾಯಿ ಮರುದಿನ ಬಿಸಿಲು ತಿಂದರೆ ಬಣ್ಣ ಹೋಗಿ ಬೆಳ್ಳಗಾಗುತ್ತದೆ. ನಾನು ಹುಬ್ಬಳ್ಳಿಯಲ್ಲಿ ಉಳಿಯಬೇಕಾಗಿ ಬಂದ ಒಂದು ಸಂಜೆ ಮುಚ್ಚುವವರು ಮರೆತರು. ಮೇಲಿನ ಪದರದಲ್ಲಿ ಸುಮಾರು ಎರಡು ಬುಟ್ಟಿ ಬಿಳಿಗಾಯಿ. ಆಮೇಲೆ ರಜೆ ಹಾಕಿ ಊರಲ್ಲೇ ಕೂತೆ. ಆಡು, ಕೋಳಿ, ನಾಯಿ ಕಾಯುವ ಕೆಲಸ ಅಪ್ಪನದು. ಕೈಯಲ್ಲಿ ಕೋಲು, ಪಕ್ಕದಲ್ಲಿ ರೇಡಿಯೊ.

ಆರನೇ ದಿನ ನಾನು ಮೊದಲ ವರ್ಷ ಮಾಡದ ಕೆಲಸ ಮಾಡಿದೆ. ಬಿಸಿಲು ಚೆನ್ನಾಗಿದ್ದರೂ ಕಾಯಿಯನ್ನು ಎತ್ತಿ, ನೆರಳಲ್ಲಿ ಗುಂಪಿ ಮಾಡಿ, ಎರಡು ದಿನ ಮುಚ್ಚಿಟ್ಟೆ. ಅಪ್ಪನಿಗೇ ಸಮಾಧಾನ ಇರಲಿಲ್ಲ. "ಬಿಸಲಾಗ ಹಾಕೂದ ಬಿಟ್ಟು ಒಳಗ್ಯಾಕ ತುಂಬಾಕತ್ತಿ?" ಅಂದರು. ಎರಡು ದಿನ ಬಿಟ್ಟು ಬಿಚ್ಚಿದಾಗ ಗರಿಗರಿ ಇದ್ದ ಸಿಪ್ಪೆ ಮತ್ತೆ ತೊಗಲಿನ ಹಾಗೆ ಮೆತ್ತಗಾಗಿತ್ತು. ಗಂಟಿನ ತೇವ ಹೊರಗೆ ಬಂದಿತ್ತು. ಮೊದಲ ವರ್ಷ ಚೀಲದೊಳಗೆ ನಡೆದದ್ದು ಇದೇ. ಈ ಸಲ ನನ್ನ ಕಣ್ಣೆದುರು ಆಯಿತು, ಮತ್ತೆ ಬಿಸಿಲಿಗೆ ಹಾಕಲು ಅವಕಾಶ ಇತ್ತು. ಮತ್ತೆ ನಾಲ್ಕು ದಿನ ಬಿಸಿಲು, ಮತ್ತೆ ಒಂದು ರಾತ್ರಿ ಗುಂಪಿ, ಮತ್ತೆ ಎರಡು ದಿನ. ಕೊನೆಯ ಎರಡು ದಿನ ನಡು ಮಧ್ಯಾಹ್ನ ನೆರಳು ಬಲೆ ಕಟ್ಟಿದೆ. ಆ ಹೊತ್ತಿಗೆ ಬೇಕಿದ್ದದ್ದು ಗಾಳಿ. ಬಿರುಬಿಸಿಲು ಬರೀ ಬಣ್ಣ ತಿನ್ನುತ್ತದೆ.

ಒಣಗಿದೆ ಅಂತ ಹೇಗೆ ಗೊತ್ತಾಗುತ್ತದೆ? ತೇವ ಅಳೆಯುವ ಮಷಿನ್ ನನ್ನ ಹತ್ತಿರ ಇಲ್ಲ. ತೇವ ನೂರಕ್ಕೆ 10ರಿಂದ 11 ಇರಬೇಕು ಅಂತಾರೆ. ನಾನು ಮೂರು ದಾರಿ ಹಿಡಿದೆ. ಒಂದು, ಚಿಗವ್ವನ ತೊಟ್ಟು. ಬಾಗಿಸಿದರೆ ಚಟ್ ಅಂತ ಮುರಿಯಬೇಕು. ಕಿವಿಯ ಹತ್ತಿರ ಅಲ್ಲಾಡಿಸಿದರೆ ಬೀಜ ಗಲಗಲ ಅನ್ನಬೇಕು. ಎರಡನೆಯದು ತೂಕ. ಮೊದಲ ದಿನವೇ 10 ಕಿಲೋ ಕಾಯಿಯನ್ನು ಉಳ್ಳಾಗಡ್ಡಿ ಬಲೆ ಚೀಲಕ್ಕೆ ಹಾಕಿ, ಉಳಿದ ಕಾಯಿಯ ಜೊತೆಗೇ ಬಿಸಿಲಿಗೆ ಇಟ್ಟಿದ್ದೆ. ದಿನಾ ಸಂಜೆ ತೂಗಿ ಗೋಡೆಯ ಕ್ಯಾಲೆಂಡರ್ ಮೇಲೆ ಬರೆದೆ. ಮೊದಮೊದಲು ದಿನಕ್ಕೆ ಒಂದೊಂದು ಕಿಲೋ ಇಳಿಯಿತು. ಕೊನೆಗೆ 3 ಕಿಲೋ 140 ಗ್ರಾಂ, ಮರುದಿನ 3 ಕಿಲೋ 100, ಅದರ ಮರುದಿನವೂ 3 ಕಿಲೋ 100. ಅಲ್ಲಿಗೆ ನಿಂತಿತು.

ಮೂರನೆಯದು ಗಾಜಿನ ಬರಣಿ. ಉಪ್ಪಿನಕಾಯಿಯದ್ದು, ತೊಳೆದು ಚೆನ್ನಾಗಿ ಒಣಗಿಸಿದ್ದು. ಸಂಜೆ ಒಂದು ಹಿಡಿ ಕಾಯಿ ಹಾಕಿ ಮುಚ್ಚಳ ಬಿಗಿದಿಟ್ಟೆ. ಬೆಳಿಗ್ಗೆ ಬರಣಿಯನ್ನು ಎಳೆ ಬಿಸಿಲಿಗೆ ಇಟ್ಟು ಅರ್ಧ ಗಂಟೆ ಬಿಟ್ಟು ನೋಡಿದರೆ ಗಾಜಿನ ಒಳಗೆ ಮಂಜು ಕಟ್ಟಿತ್ತು. ಅಂದರೆ ಇನ್ನೂ ಆಗಿಲ್ಲ. ಅದೇ ಪರೀಕ್ಷೆ ಕೊನೆಯ ದಿನ ಮಾಡಿದಾಗ ಗಾಜು ತಿಳಿಯಾಗಿತ್ತು. ಅಪ್ಪ ಅದನ್ನು ಎತ್ತಿ ಎತ್ತಿ ನೋಡಿದರು. ಏನೂ ಅನ್ನಲಿಲ್ಲ, ಆದರೆ ಈಗ ಬರಣಿ ಎಲ್ಲಿ ಅಂತ ಮೊದಲು ಕೇಳುವವರು ಅವರೇ.

ತುಂಬುವ ವಿಷಯಕ್ಕೆ ಬಂದರೆ, ಇಲ್ಲೇ ಬಹಳ ಜನ ತಪ್ಪು ಮಾಡೋದು. ಪೂರ್ತಿ ಒಣಗಿದ ಕಾಯಿ ಮಧ್ಯಾಹ್ನ ತುಂಬಿದರೆ ಪುಡಿಯಾಗುತ್ತದೆ, ಬೀಜ ಉದುರುತ್ತದೆ. ಅದಕ್ಕೆ ನೀರು ಚಿಮುಕಿಸಿ ಮೆತ್ತಗೆ ಮಾಡಿ ತುಳಿದು ತುಂಬುತ್ತಾರೆ. ತೂಕವೂ ಸ್ವಲ್ಪ ಏರುತ್ತದೆ, ಆ ಆಸೆಯೂ ಇದೆ, ಯಾಕೆ ಮುಚ್ಚಿಡಬೇಕು. ಆದರೆ ಹದಿನೈದು ದಿನ ಬಿಸಿಲಲ್ಲಿ ತೆಗೆದ ನೀರನ್ನು ನಾವೇ ವಾಪಸ್ ಹಾಕಿದ ಹಾಗೆ. ಅಂಥ ಚೀಲದಲ್ಲಿ ಬೆಳೆಯುವ ಆಸ್ಪರ್ಜಿಲಸ್ ಅನ್ನುವ ಬೂಷ್ಟು ಅಫ್ಲಾಟಾಕ್ಸಿನ್ ಅನ್ನುವ ವಿಷ ಮಾಡುತ್ತದೆ. ಹುರಿದರೂ ಕುದಿಸಿದರೂ ಅದು ಪೂರ್ತಿ ಹೋಗುವುದಿಲ್ಲ. ನಮ್ಮ 3 ಚೀಲವನ್ನು ಚೆನ್ನಾಗಿರೋದು ಆರಿಸಿ ಖಾರಪುಡಿಗೆ ಹಾಕಿಸಿದರಾಯ್ತು ಅಂತ ಒಬ್ಬಿಬ್ಬರು ಹೇಳಿದರು. ನಾನು ಗುಂಡಿ ತೋಡಿ ಮುಚ್ಚಿದೆ. ಮುಚ್ಚುವಾಗ ಹೊಟ್ಟೆ ಉರಿಯಿತು.

ಈಗ ನಾನು ನೀರು ಮುಟ್ಟಿಸುವುದಿಲ್ಲ. ಬೆಳಗಿನ ಆರೂವರೆ ಏಳಕ್ಕೆ, ಚಳಿಗಾಳಿಗೆ ಕಾಯಿ ತಾನಾಗೇ ಚೂರು ಹದ ಆಗಿರುತ್ತದೆ. ಮುಚ್ಚಿದ ಗುಂಪಿಯ ಒಂದು ಕಡೆ ತೆಗೆದು, ಆ ಹೊತ್ತಿನಲ್ಲಿ ಬೇಗ ಬೇಗ ತುಂಬುತ್ತೇವೆ. ಬಿಸಿಲು ಏರಿದರೆ ನಿಲ್ಲಿಸಿ ಮರುದಿನಕ್ಕೆ. 8 ಚೀಲ ತುಂಬಲು ಮೂರು ಬೆಳಗು ಹಿಡಿಯಿತು. ಮೂಗಿಗೆ ಬಟ್ಟೆ ಕಟ್ಟಿಕೊಂಡರೂ ಎಲ್ಲರೂ ಸರದಿಯ ಮೇಲೆ ಸೀನಿದ್ದೇ ಸೀನಿದ್ದು.

ಮಾರಿದ್ದು ಬ್ಯಾಡಗಿಯಲ್ಲಿ. ಸೋಮವಾರ, ಗುರುವಾರ ಅಲ್ಲಿ ಟೆಂಡರ್, ಅಂದರೆ ಖರೀದಿದಾರರು ರಾಶಿ ನೋಡಿ ದರ ಬರೆಯುವ ದಿನ. ಹಿಂದಿನ ರಾತ್ರಿಯೇ ಟೆಂಪೊ ಹೊರಡಿಸಿ, ಹಾವೇರಿ, ಮೋಟೆಬೆನ್ನೂರು ದಾಟಿ ಬೆಳಗಾಗುವುದರೊಳಗೆ ಮಾರುಕಟ್ಟೆ ಸೇರಿದೆ. ಊರಿಗೆ ಎರಡು ಕಿಲೋಮೀಟರ್ ಇರುವಾಗಲೇ ಘಾಟು ಮೂಗಿಗೆ ಬರುತ್ತದೆ. ಖರೀದಿದಾರರು ಬಂದು ಚೀಲದೊಳಗೆ ಕೈ ಹಾಕಿ, ತಳದಿಂದ ಒಂದು ಹಿಡಿ ಎಳೆದು, ಹಿಸುಕಿ, ಮೂಸಿ, ಮುರಿದು ನೋಡುತ್ತಾರೆ. ಮಾತಿಲ್ಲ. ಬ್ಯಾಡಗಿ ಕಾಯಿಯನ್ನು ಕೊಳ್ಳುವವರಿಗೆ ಖಾರಕ್ಕಿಂತ ಬಣ್ಣ ಮುಖ್ಯ. ಕಾಯಿಯಿಂದ ಓಲಿಯೊರೆಸಿನ್ ಅನ್ನುವ ಎಣ್ಣೆಯಂಥ ಬಣ್ಣ ತೆಗೆಯುವ ಕಾರ್ಖಾನೆಗಳಿವೆ, ತಿನಿಸಿನಿಂದ ಹಿಡಿದು ತುಟಿಗೆ ಹಚ್ಚುವ ಲಿಪ್‌ಸ್ಟಿಕ್‌ವರೆಗೆ ಹೋಗುತ್ತದೆ. 2011ರಲ್ಲಿ ಬ್ಯಾಡಗಿ ಮೆಣಸಿನಕಾಯಿಗೆ ಜಿಐ ಗುರುತು (ಇದು ಈ ಸೀಮೆಯದೇ ಬೆಳೆ ಅನ್ನುವ ಭೌಗೋಳಿಕ ಗುರುತು) ಸಿಕ್ಕಿದ್ದಕ್ಕೂ ಈ ಬಣ್ಣ ದೊಡ್ಡ ಕಾರಣ. ಮೊದಲ ವರ್ಷ ಉಳಿದ 6 ಚೀಲಕ್ಕೆ "ಹಸಿ ಐತಿ" ಅಂತ ಪಕ್ಕದ ರಾಶಿಗಿಂತ ಕ್ವಿಂಟಲ್‌ಗೆ ನಾಲ್ಕು ಸಾವಿರ ಕಡಿಮೆ ಬರೆದಿದ್ದರು. ಅವತ್ತು ದಲಾಲಿ ಅಂಗಡಿಯವರ ಮೇಲೆ ಕೂಗಾಡಿದ್ದೆ. ತಪ್ಪು ನನ್ನದೇ ಇತ್ತು, ಈಗ ಗೊತ್ತಾಗಿದೆ. ಎರಡನೇ ವರ್ಷ ಪಕ್ಕದ ರಾಶಿಯ ಸಮಕ್ಕೆ ಬಂತು. ಸಾಲ ತೀರಲಿಲ್ಲ, ಆ ಮಾತು ಬೇರೆ.

ಒಂದು ಚೀಲ ಮಾರದೆ ಮನೆಗೆ ಇಟ್ಟೆವು. ನೆಲಕ್ಕೆ ಹಲಗೆ ಹಾಕಿ, ಗೋಡೆಗೆ ತಾಗದ ಹಾಗೆ ಒಂದು ಗೇಣು ಬಿಟ್ಟು, ಕತ್ತಲೆ ಕೋಣೆಯಲ್ಲಿ. ಮೊದಲ ತಿಂಗಳು ವಾರಕ್ಕೊಮ್ಮೆ ಬಾಯಿ ಬಿಚ್ಚಿ ಕೈ ಇಳಿಸಿ ನೋಡಿದೆ. ತಣ್ಣಗಿತ್ತು. ಮಾರ್ಚ್ ಕೊನೆಗೆ ಅರ್ಧ ತೆಗೆದು, ತೊಟ್ಟು ಬಿಡಿಸಿ, ಒಂದು ದಿನ ಬಿಸಿಲು ತೋರಿಸಿ, ಖಾರಕ್ಕೆ ಬೇಕು ಅಂತ ಸ್ವಲ್ಪ ಗುಂಟೂರು ಕಾಯಿ ಬೆರೆಸಿ ಗಿರಣಿಗೆ ಒಯ್ದೆವು. ಮಸಾಲಿ ಖಾರ ಆಯಿತು.

ಪರೀಕ್ಷೆಯ ಬರಣಿಗಳು ಎರಡು ಉಳಿದಿದ್ದವು. ಒಂದನ್ನು ಅಡುಗೆಮನೆಯ ಕಿಟಕಿಯ ಮೇಲೆ ಇಟ್ಟಿದ್ದೆ, ಒಂದನ್ನು ಕಪಾಟಿನೊಳಗೆ. ಎರಡರಲ್ಲೂ ಒಂದೇ ದಿನ ತುಂಬಿದ ಒಂದೇ ಕಾಯಿ. ನಾಗರ ಪಂಚಮಿಗೆ ಊರಿಗೆ ಹೋದಾಗ ಪಕ್ಕಪಕ್ಕ ಇಟ್ಟು ನೋಡಿದೆ. ಕಪಾಟಿನದ್ದು ಇನ್ನೂ ಕುಂಕುಮದ ಹಾಗೆ. ಕಿಟಕಿಯದ್ದು ಇಟ್ಟಿಗೆ ಬಣ್ಣಕ್ಕೆ ತಿರುಗಿತ್ತು. ಕಿಟಕಿಯದ್ದನ್ನು ಅವ್ವ ಒಗ್ಗರಣೆಗೆ ಹಾಕಿ ಖಾಲಿ ಮಾಡುತ್ತಿದ್ದಾಳೆ. ಕಪಾಟಿನದ್ದನ್ನು ಮುಟ್ಟಲು ಅಪ್ಪ ಬಿಡುತ್ತಿಲ್ಲ, ಮುಂದಿನ ಸುಗ್ಗಿಗೆ ಪಕ್ಕದಲ್ಲಿಟ್ಟು ನೋಡಬೇಕಂತೆ.