ಅಮ್ಮನ ಮಂಚದಿಂದಲೇ ಲೈಟು: ಟಿವಿಗೂ ದೀಪಕ್ಕೂ ಒಂದೇ ರಿಮೋಟ್

ಕಳೆದ ವರ್ಷ ಅಮ್ಮನಿಗೆ ಮೊಣಕಾಲಿನ ಆಪರೇಷನ್ ಆಯಿತು. ತೀರ್ಥಹಳ್ಳಿ ಹತ್ತಿರ ನಮ್ಮದು ಹಳೇ ಮನೆ. ಅವಳು ಮಲಗುವ ಕೋಣೆಯಲ್ಲಿ ಸ್ವಿಚ್‌ಬೋರ್ಡ್ ಬಾಗಿಲ ಪಕ್ಕ, ಮಂಚ ಎದುರು ಗೋಡೆಯ ಕಿಟಕಿ ಕೆಳಗೆ. ರಾತ್ರಿ ಎಚ್ಚರವಾದರೆ ಕತ್ತಲಲ್ಲೇ ವಾಕರ್ ಹುಡುಕಿ, ಅಷ್ಟು ದೂರ ನಡೆದು ಲೈಟ್ ಹಾಕಬೇಕು. ಅವಳು ಎಲ್ಲಿ ಬೀಳುತ್ತಾಳೋ ಅಂತ ನನಗೆ ನಿದ್ದೆ ಹತ್ತುತ್ತಿರಲಿಲ್ಲ.

ಮೊದಲು ಲೈಟಿಗೆ ಅಂತ ಒಂದು ರಿಮೋಟ್ ಸ್ವಿಚ್ ತಂದು ಹಾಕಿದೆ. ಅದರ ಜೊತೆ ಬಂದ ರಿಮೋಟ್ ತೆಳ್ಳಗೆ, ಗುಂಡಿಗಳೆಲ್ಲ ಚಪ್ಪಟೆ. ದಿಂಬಿನ ಪಕ್ಕ ಆಗಲೇ ಟಿವಿಯದ್ದೊಂದು, ಸೆಟ್-ಟಾಪ್ ಬಾಕ್ಸಿನದ್ದೊಂದು ಇದ್ದವು. "ಕತ್ತಲಲ್ಲಿ ಯಾವುದು ಯಾವುದಕ್ಕೆ ಅಂತ ಹೆಂಗೆ ಗೊತ್ತಾಗ್ಬೇಕು ಮಾರಾಯ?" ಅಂದಳು. ಸರಿಯಾದ ಮಾತು. ಆಮೇಲೆ ಮೂರನ್ನೂ ಒಂದೇ ಯೂನಿವರ್ಸಲ್ ರಿಮೋಟಿಗೆ ತಂದೆ. ಮಾಡಿದ್ದು ಹೀಗೆ.

ಬಲ್ಬಿಗೆ ರಿಮೋಟಿನ ಭಾಷೆ ಗೊತ್ತಿಲ್ಲ. ಅದನ್ನು ಕೇಳಿಸಿಕೊಳ್ಳುವುದು ಸ್ವಿಚ್‌ಬೋರ್ಡಿನ ಹಿಂದೆ ಕೂರುವ ಪುಟ್ಟ ಮಾಡ್ಯೂಲ್. ಅಂಗಡಿಯಲ್ಲಿ ಎರಡು ಜಾತಿಯವು ಸಿಗುತ್ತವೆ: ಟಿವಿ ರಿಮೋಟಿನ ಹಾಗೆ ಇನ್‌ಫ್ರಾರೆಡ್ ಬೆಳಕಿನಿಂದ ನಡೆಯುವುದು, ಇನ್ನೊಂದು ರೇಡಿಯೋ ಅಲೆಯಿಂದ ನಡೆಯುವುದು. ರೇಡಿಯೋದ್ದು ಗೋಡೆಯಾಚೆಗೂ ಕೆಲಸ ಮಾಡುತ್ತದೆ, ಆದರೆ ಸಾಧಾರಣ ಯೂನಿವರ್ಸಲ್ ರಿಮೋಟ್ ಅದನ್ನು ಕಲಿಯುವುದಿಲ್ಲ. ಕೊಳ್ಳುವ ಮೊದಲು ಅಲ್ಲೇ ಪರೀಕ್ಷೆ ಮಾಡಿ. ಮೊಬೈಲಿನ ಸೆಲ್ಫಿ ಕ್ಯಾಮೆರಾ ತೆರೆದು, ರಿಮೋಟಿನ ಮೂತಿ ಅದರ ಕಡೆ ಹಿಡಿದು ಗುಂಡಿ ಒತ್ತಿ. ನೇರಳೆ ಬಣ್ಣದ ಬೆಳಕು ಪಟಪಟ ಮಿನುಗಿದರೆ ಇನ್‌ಫ್ರಾರೆಡ್. ಹಿಂದಿನ ಕ್ಯಾಮೆರಾದಲ್ಲಿ ಎಷ್ಟೋ ಸಲ ಇದು ಕಾಣುವುದಿಲ್ಲ. ಸೆಲ್ಫಿ ಕ್ಯಾಮೆರಾದಲ್ಲೂ ಕಾಣದಿದ್ದರೆ, ಮನೆಯ ಟಿವಿ ರಿಮೋಟನ್ನು ಅದೇ ಫೋನಿಗೆ ಹಿಡಿದು ನೋಡಿಕೊಂಡು ಆಮೇಲೆ ತೀರ್ಮಾನಿಸಿ.

ಮಾಡ್ಯೂಲ್ ಆರಿಸುವಾಗ ಮೂರು ವಿಷಯ ಬಿಡದೆ ಕೇಳಿ. ಒಳಗೆ ರಿಲೇ, ಅಂದರೆ ಕರೆಂಟಿನಿಂದಲೇ ನಡೆಯುವ ಪುಟ್ಟ ಸ್ವಿಚ್ಚು, ಇದೆಯಾ? ರಿಲೇ ಇದ್ದರೆ ಲೈಟ್ ಹಾಕುವಾಗ 'ಟಕ್' ಅನ್ನುತ್ತದೆ. ರಿಲೇ ಇಲ್ಲದ ಕೆಲವದರಲ್ಲಿ ಆರಿಸಿದ ಮೇಲೂ ಸ್ವಲ್ಪ ಕರೆಂಟ್ ಸೋರಿ ಎಲ್‌ಇಡಿ ಬಲ್ಬು ಮಂಕಾಗಿ ಉರಿಯುತ್ತಲೇ ಇರುತ್ತದೆ. ಎರಡನೆಯದು, ಗೋಡೆಯ ಸ್ವಿಚ್ಚೂ ಮೊದಲಿನಂತೆ ಕೆಲಸ ಮಾಡುತ್ತದಾ? ಸ್ವಿಚ್ಚಿನ ಮುಂದೆ ಸಾಲಾಗಿ ಜೋಡಿಸುವ ಅಗ್ಗದ ಮಾಡ್ಯೂಲಿಗೆ ಸ್ವಿಚ್ ಸದಾ ಆನ್ ಇರಬೇಕು. ಯಾರೋ ಅಭ್ಯಾಸಬಲದಿಂದ ಅದನ್ನು ಆರಿಸಿ ಹೋದರೆ ಅಮ್ಮನ ಕೈಯಲ್ಲಿರುವ ರಿಮೋಟ್ ದಂಡ. ಕೊನೆಯದಾಗಿ, ಕರೆಂಟ್ ಹೋಗಿ ಬಂದಾಗ ಲೈಟ್ ಏನು ಮಾಡುತ್ತದೆ? ನಮ್ಮ ಕಡೆ ಮಳೆಗಾಲದಲ್ಲಿ ಕರೆಂಟ್ ಹೋಗಿ ಬರುವುದಕ್ಕೆ ಲೆಕ್ಕವಿಲ್ಲ. ರಾತ್ರಿ ಮೂರು ಗಂಟೆಗೆ ತಾನಾಗಿ ಲೈಟ್ ಹತ್ತಿಕೊಳ್ಳಬಾರದು. ಹಿಂದಿನ ಸ್ಥಿತಿಯನ್ನು ನೆನಪಿಟ್ಟುಕೊಳ್ಳುವಂಥದ್ದೇ ಬೇಕು.

ವೈರಿಂಗ್ ಎಲೆಕ್ಟ್ರಿಷಿಯನ್ ಕೈಯಲ್ಲೇ ಮಾಡಿಸಿ. ಆದರೂ ಒಂದು ಅಪಾಯ ನಿಮಗೂ ತಿಳಿದಿರಲಿ. ಇನ್‌ವರ್ಟರ್ ಇರುವ ಮನೆಯಲ್ಲಿ ಮೇನ್ ಇಳಿಸಿದ ತಕ್ಷಣ ಇನ್‌ವರ್ಟರ್ ಎದ್ದು ಕೂರುತ್ತದೆ. ಕರೆಂಟ್ ತೆಗೆದಿದ್ದೇವೆ ಅಂದುಕೊಂಡು ಮುಟ್ಟುವ ಬೋರ್ಡಿನಲ್ಲಿ 230 ವೋಲ್ಟ್ ಹಾಗೇ ಇರುತ್ತದೆ. ಮೇನ್ ಇಳಿಸಿ, ಇನ್‌ವರ್ಟರನ್ನೂ ಆಫ್ ಮಾಡಿ, ಟೆಸ್ಟರ್ ಇಟ್ಟು ನೋಡಿದ ಮೇಲೆಯೇ ಬೋರ್ಡ್ ಬಿಚ್ಚಬೇಕು. ಮಾಡ್ಯೂಲಿಗೆ ನ್ಯೂಟ್ರಲ್ ತಂತಿಯೂ (ಕರೆಂಟ್ ವಾಪಸ್ ಹೋಗುವ ತಂತಿ) ಬೇಕು. ಬೋರ್ಡಿನಲ್ಲಿ ಪ್ಲಗ್ ಪಾಯಿಂಟ್ ಇದ್ದರೆ ನ್ಯೂಟ್ರಲ್ ಅಲ್ಲಿಗೆ ಬಂದೇ ಇರುತ್ತದೆ. ಗೀಸರ್ ಮಾತ್ರ ಇದಕ್ಕೆ ಜೋಡಿಸಲೇಬೇಡಿ. 9 ವಾಟಿನ ಬಲ್ಬು ಎಲ್ಲಿ, ಸುಮಾರು 9 ಆಂಪಿಯರ್ ಎಳೆಯುವ 2000 ವಾಟಿನ ಗೀಸರ್ ಎಲ್ಲಿ!

ಮಾಡ್ಯೂಲಿನಿಂದ ಒಂದು ಸಣ್ಣ ತಂತಿ ಹೊರಬರುತ್ತದೆ. ಅದರ ತುದಿಯ ಕಪ್ಪು ಮಣಿಯೇ ಅದರ ಕಣ್ಣು. ನಮ್ಮದನ್ನು ಮೊದಲು ಬೋರ್ಡಿನ ಕೆಳಮೂಲೆಯಲ್ಲಿ ಕೂರಿಸಿದ್ದೆವು. ಮಂಚದಿಂದ ನೋಡಿದರೆ ಬಟ್ಟೆ ಸ್ಟ್ಯಾಂಡ್ ಅಡ್ಡ. ಹತ್ತು ಸಲ ಒತ್ತಿದರೆ ಆರು ಸಲ ಹತ್ತುತ್ತಿತ್ತು. ಕಣ್ಣನ್ನು ಮೇಲಂಚಿಗೆ ತಂದ ಮೇಲೆ ಸರಿಹೋಯಿತು. ಬಿಳಿ ಗೋಡೆಗೆ ಬಡಿದು ಈ ಬೆಳಕು ವಾಪಸ್ ಚಿಮ್ಮುತ್ತದೆ, ಹಾಗಾಗಿ ಅಮ್ಮ ಸೂರಿನ ಕಡೆ ತಿರುಗಿಸಿ ಒತ್ತಿದರೂ ಲೈಟ್ ಹತ್ತುತ್ತದೆ. ಸೊಳ್ಳೆಪರದೆ ತೊಂದರೆ ಮಾಡಲಿಲ್ಲ. ಕಂಬಳಿಯೊಳಗಿಂದ ಒತ್ತಿದರೆ ಮಾತ್ರ ಆಗುವುದಿಲ್ಲ, ಕೈ ಹೊರಗೆ ತೆಗೆಯಬೇಕು.

ಇನ್ನು ಕಲಿಸುವ ಕೆಲಸ. 'ಲರ್ನಿಂಗ್' ಅಂತ ಬರೆದಿರುವ ಯೂನಿವರ್ಸಲ್ ರಿಮೋಟನ್ನೇ ತನ್ನಿ. ಬರೀ ಟಿವಿ ಕಂಪನಿಗಳ ಕೋಡ್ ತುಂಬಿಸಿದ್ದು ಸಾಲದು, ನಿಮ್ಮ ಲೈಟ್ ಮಾಡ್ಯೂಲಿನ ಕೋಡ್ ಆ ಪಟ್ಟಿಯಲ್ಲಿ ಇರುವುದು ಅನುಮಾನ. ಎರಡೂ ರಿಮೋಟನ್ನು ಮೇಜಿನ ಮೇಲೆ ಮೂತಿಗೆ ಮೂತಿ, ಎರಡು ಬೆರಳಿನಷ್ಟು ಅಂತರದಲ್ಲಿ ಇಡಿ. ಒಂದು ತೆಳ್ಳಗಿದ್ದರೆ ಅಡಿಗೆ ಪುಸ್ತಕ ಕೊಟ್ಟು ಸಮ ಮಾಡಿ. ಕಿಟಕಿಯ ಬಿಸಿಲು ಬೀಳದ ಜಾಗ ಆಗಲಿ. ನಮ್ಮ ರಿಮೋಟಿನಲ್ಲಿ ಸೆಟ್ ಗುಂಡಿಯನ್ನು ಕೆಂಪು ದೀಪ ಹತ್ತುವವರೆಗೆ ಒತ್ತಿ ಹಿಡಿಯಬೇಕು. ಆಮೇಲೆ ಯಾವ ಗುಂಡಿಗೆ ಕಲಿಸಬೇಕೋ ಅದನ್ನು ಒತ್ತಿ, ತಕ್ಷಣ ಲೈಟಿನ ರಿಮೋಟಿನ ಗುಂಡಿಯನ್ನು ಒಮ್ಮೆ ಒತ್ತಬೇಕು. ಕೆಂಪು ದೀಪ ಮಿನುಗಿ ನಿಂತರೆ ಕಲಿತಿದೆ ಅಂತ. ನಿಮ್ಮದರ ಕ್ರಮ ಬೇರೆ ಇರಬಹುದು, ಚೀಟಿ ನೋಡಿ. ನಮ್ಮದರಲ್ಲಿ ಮೂಲ ರಿಮೋಟಿನ ಗುಂಡಿಯನ್ನು ಚುಟುಕಾಗಿ ಒತ್ತಿ ಬಿಡಬೇಕು. ನಾನು ಮೊದಲೆರಡು ಸಲ ಒತ್ತಿ ಹಿಡಿದಿದ್ದೆ, ಅದು ಕಲಿಯಲೇ ಇಲ್ಲ.

ಟಿವಿ ಮೋಡ್, ಸೆಟ್-ಟಾಪ್ ಮೋಡ್ ಅಂತ ಬೇರೆಬೇರೆ ಇರುವ ರಿಮೋಟಾದರೆ ಲೈಟಿನ ಗುಂಡಿಯನ್ನು ಎರಡೂ ಮೋಡಿನಲ್ಲಿ ಕಲಿಸಿ. ಇಲ್ಲದಿದ್ದರೆ ಅಮ್ಮ ಧಾರಾವಾಹಿ ನೋಡಿ ಮಲಗಿದ ರಾತ್ರಿ ಲೈಟ್ ಹತ್ತುವುದಿಲ್ಲ, ಯಾಕೆ ಅಂತ ಅವಳಿಗೆ ತಿಳಿಯುವುದೂ ಇಲ್ಲ.

ಯಾವ ಗುಂಡಿ ಅನ್ನುವುದನ್ನು ಅವಳ ಬೆರಳಿಗೇ ಬಿಟ್ಟೆ. ಕಣ್ಣು ಮುಚ್ಚಿಸಿ ರಿಮೋಟ್ ಕೈಗೆ ಕೊಟ್ಟೆ. ಹೆಬ್ಬೆರಳು ತಾನಾಗಿ ಕೆಳಗಿನ ಎಡಮೂಲೆಗೆ ಹೋಯಿತು. ಅಲ್ಲಿದ್ದ ಗುಂಡಿಯನ್ನೇ ಲೈಟಿಗೆ ಕೊಟ್ಟೆ. ಗುರುತಿಗೆ ಅವಳೇ ತನ್ನ ಡಬ್ಬಿಯಿಂದ ಹರಳಿನ ಸ್ಟಿಕ್ಕರ್ ಬೊಟ್ಟು ತೆಗೆದು ಅಂಟಿಸಿದಳು. ಎರಡು ವಾರಕ್ಕೊಮ್ಮೆ ಅದು ಕಿತ್ತು ಬರುತ್ತದೆ, ಇನ್ನೊಂದು ಅಂಟಿಸುತ್ತಾಳೆ.

ಸೆಲ್ ಬದಲಾಯಿಸುವಾಗ ಕೆಲವು ರಿಮೋಟ್ ಕಲಿತದ್ದನ್ನು ಮರೆತುಬಿಡುತ್ತವೆ. ಹಾಗಾಗಿ ಲೈಟಿನ ಮೂಲ ರಿಮೋಟನ್ನು ಎಸೆಯದೆ, ಸೆಲ್ ತೆಗೆದು, ಕಲಿಸುವ ಕ್ರಮ ಬರೆದ ಚೀಟಿ ಸುತ್ತಿ ಅಮ್ಮನ ಔಷಧಿ ಡಬ್ಬಿಯ ಪಕ್ಕದ ಗೂಡಿನಲ್ಲಿ ಇಟ್ಟಿದ್ದೇನೆ. ನಾನು ಊರಲ್ಲಿ ಇಲ್ಲದಿದ್ದರೆ ಪಕ್ಕದ ಮನೆ ಹುಡುಗ ಬಂದು ಮತ್ತೆ ಕಲಿಸಿಕೊಡುತ್ತಾನೆ, ಅವನಿಗೆ ಒಮ್ಮೆ ಮಾಡಿ ತೋರಿಸಿದ್ದೇನೆ.