ಹಳೇ ಲ್ಯಾಪ್‌ಟಾಪ್‌ನಲ್ಲೇ ಬ್ರೆಜಿಲ್ ಪ್ಲಾಟ್ ಬಂತು

ಸೂರ್ಯನಿಂದ ಹರಿದು ಬರುವ ಕಣಗಳ, ಅಂದರೆ ಸೌರ ಮಾರುತದ, ಡೇಟಾದಿಂದ 'ಬ್ರೆಜಿಲ್ ಪ್ಲಾಟ್' ಬಿಡಿಸೋಕೆ ದೊಡ್ಡ ಕಂಪ್ಯೂಟರ್ ಬೇಕು, ಶಿರಸಿಯಲ್ಲಿ ಕೂತು ಆಗೋ ಕೆಲಸ ಅಲ್ಲ ಎಂದವರೇ ಜಾಸ್ತಿ. ಆಯ್ತಲ್ಲ! ಸೌರ ಮಾರುತದ ಪ್ರೋಟಾನ್‌ಗಳ ಬೀಟಾ (ಕಾಂತಕ್ಷೇತ್ರದ ಒತ್ತಡದ ಮುಂದೆ ಕಣಗಳ ಒತ್ತಡ ಎಷ್ಟು ಪಾಲು ಅನ್ನೋದು) ಪ್ಲಾಟಿನ ಅಡ್ಡಕ್ಕೆ, ಅನೈಸೊಟ್ರೊಪಿ (ಕಾಂತಕ್ಷೇತ್ರಕ್ಕೆ ಅಡ್ಡಲಾಗಿರುವ ಉಷ್ಣತೆಯನ್ನು ಅದರ ಉದ್ದಕ್ಕಿರುವ ಉಷ್ಣತೆಯಿಂದ ಭಾಗಿಸಿದ್ದು) ಮೇಲಕ್ಕೆ. ಮೇಲೆ ಮಿರರ್ ಗೆರೆ, ಕೆಳಗೆ ಫೈರ್‌ಹೋಸ್ ಗೆರೆ; ಇವನ್ನು ದಾಟಿದರೆ ಕಣಗಳ ಹರಿವು ಅಸ್ಥಿರ ಆಗುತ್ತದೆ. ನಡುವೆ ಬ್ರೆಜಿಲ್ ನಕಾಶೆಯ ಆಕಾರದಲ್ಲಿ ಚುಕ್ಕಿಗಳು.

ಡೇಟಾ ನಾಸಾದ ವಿಂಡ್ ನೌಕೆಯದು, ಪುಕ್ಕಟೆ. 1994ರಲ್ಲಿ ಹಾರಿದ್ದಾದರೂ ಮೊದಲ ವರ್ಷಗಳಲ್ಲಿ ಅದು ಭೂಮಿಯ ಕಾಂತವಲಯದೊಳಗೂ ಹೋಗಿ ಬರುತ್ತಿತ್ತು. 2004ರಿಂದ ಎಲ್1 (ಸೂರ್ಯ, ಭೂಮಿಗಳ ನಡುವೆ ನೌಕೆ ನೆಲೆ ನಿಲ್ಲುವ ಜಾಗ) ಬಿಟ್ಟು ಕದಲಿಲ್ಲ. ಹಾಗಾಗಿ ಅಲ್ಲಿಂದ ಈಚಿನದನ್ನೇ ತಗೊಂಡೆ. 92 ಸೆಕೆಂಡಿಗೊಂದು ಅಳತೆ, ವರ್ಷಕ್ಕೆ ಮೂರು ಲಕ್ಷ ಚಿಲ್ಲರೆ ಸಾಲು.

ಹುಬ್ಬಳ್ಳಿಯಿಂದ ತಂದ ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪಿಗೆ ಹದಿನೆಂಟು ಸಾವಿರದ ಹತ್ತಿರ ಹೋಯಿತು. ಎಸ್‌ಎಸ್‌ಡಿಗೆ ಮೂರೋ ಮೂರೂವರೆಯೋ. ಇನ್ವರ್ಟರ್ ಬ್ಯಾಟರಿಗೆ ಹನ್ನೆರಡು. ಬ್ಯಾಟರಿ ದಂಡವಲ್ಲ ಮತ್ತೆ! ಮಳೆಗಾಲದಲ್ಲಿ ನಮ್ಮಲ್ಲಿ ಕರೆಂಟ್ ಹೋದರೆ ಮರುದಿನ ಬಂದರೂ ಪುಣ್ಯ. ಡೌನ್‌ಲೋಡ್ ಅರ್ಧಕ್ಕೆ ನಿಂತು ಕೆಟ್ಟ ಫೈಲುಗಳಿಗೆ ಲೆಕ್ಕವಿಲ್ಲ. "ಈ ದುಡ್ಡಲ್ಲಿ ತೋಟಕ್ಕೆ ಇನ್ನೊಂದು ಸಲ ಬೋರ್ಡೋ ಔಷಧಿ ಹೊಡೆಸ್ಲಾಗಿತ್ತು ಮಾರಾಯ" ಎಂದ ಭಾವ.

ನಿಜವಾಗಿ ಸತಾಯಿಸಿದ್ದು ಬೇರೆ. ಚುಕ್ಕಿಗಳೆಲ್ಲ ಅನೈಸೊಟ್ರೊಪಿ ಒಂದರ ಸುತ್ತ ಒತ್ತಿಕೊಂಡು ಕೂತಿದ್ದವು. ಅಂಚೇ ಇಲ್ಲ. ಬಿನ್ (ಚುಕ್ಕಿಗಳನ್ನು ಗುಂಪು ಹಾಕುವ ಚೌಕ) ಸಣ್ಣ ಮಾಡಿದೆ, ದೊಡ್ಡ ಮಾಡಿದೆ, ಸುಮ್ನೆ ವಾರಗಟ್ಟಲೆ ಹೋಯಿತು. ಕಳ್ಳ ಇದ್ದದ್ದು ಆ 92 ಸೆಕೆಂಡಿನಲ್ಲೇ. ಅಷ್ಟರೊಳಗೆ ಕಾಂತಕ್ಷೇತ್ರ ಹೊರಳಿದರೆ ಅದಕ್ಕೆ ಅಡ್ಡದ ಉಷ್ಣತೆ, ಉದ್ದದ ಉಷ್ಣತೆ ಎರಡೂ ಕಲಸಿಹೋಗುತ್ತವೆ. ಮೂರು ಸೆಕೆಂಡಿನ ಮ್ಯಾಗ್ನೆಟೋಮೀಟರ್ ಡೇಟಾ ಪಕ್ಕದಲ್ಲಿಟ್ಟು, ಜಾಸ್ತಿ ಹೊರಳಿದ ಸಾಲುಗಳನ್ನು ತೆಗೆದು ಬಿಸಾಕಿದೆ. ಹೆಚ್ಚುಕಮ್ಮಿ ಅರ್ಧ ಡೇಟಾ ಹೋಯಿತು. ಎಷ್ಟು ಡಿಗ್ರಿಗೆ ಕತ್ತರಿಸಿದೆ ಅಂತ ಹೇಳಲ್ಲ, ಅದು ನನ್ನ ಹತ್ತಿರವೇ ಇರಲಿ.

ಆಮೇಲೆ ನೋಡಿ, ಅಂಚು ಎದ್ದು ಬಂತು. ಸೂತ್ರಕ್ಕೆ 0.77, 0.76 ಎಂಬ ಪೇಪರಿನ ಸಂಖ್ಯೆ ಹಾಕಿ ಎಳೆದ ಮಿರರ್ ಗೆರೆಗೆ ತಾಗಿ ನಿಂತಿತು. ಕಡಿಮೆ ಬೀಟಾದಲ್ಲಿ ಅಯಾನ್ ಸೈಕ್ಲೋಟ್ರಾನ್ ಅನ್ನೋ ಇನ್ನೊಂದು ಅಸ್ಥಿರತೆಯ ಗೆರೆ ಮೊದಲು ತಡೆಯಬೇಕು ಅನ್ನುತ್ತದೆ ಲೀನಿಯರ್ ಥಿಯರಿ. ಚುಕ್ಕಿಗಳು ಕೇಳಬೇಕಲ್ಲ, ಆ ಗೆರೆ ದಾಟಿ ಮಿರರ್ ತನಕ ಹೋಗಿವೆ. ಪೇಪರುಗಳಲ್ಲಿ ಓದಿದ್ದೇ, ಆದರೆ ನಮ್ಮ ಸ್ಕ್ರೀನಿನಲ್ಲಿ ಕಂಡಾಗಿನ ಖುಷಿ ಬೇರೆ.

ಅದೇ ಬಿನ್‌ಗಳಿಗೆ ಕಾಂತಕ್ಷೇತ್ರದ ಏರಿಳಿತದ ಬಣ್ಣ ಕೊಟ್ಟೆ. ಎರಡೂ ಅಂಚು ಕೆಂಪಗಾದವು, ಅಂದರೆ ಅಲ್ಲಿ ಏರಿಳಿತ ಜಾಸ್ತಿ. ಆಲ್ಫಾ ಕಣಗಳಿಗೂ (ಹೀಲಿಯಂ ನ್ಯೂಕ್ಲಿಯಸ್) ಕೈ ಹಾಕಿದೆ. ಪ್ರೋಟಾನ್‌ಗಳ ಮುಂದೆ ಅವು ಶೇಕಡಾ ನಾಲ್ಕೈದು ಇರೋದು, ನಾಯ್ಸೇ ಜಾಸ್ತಿ, ಬಿಟ್ಟೆ. ಈಗ ಇಸ್ರೋದ ಆದಿತ್ಯ-ಎಲ್1 ನೌಕೆಯಲ್ಲಿ ಸೌರ ಮಾರುತ ಅಳೆಯುವ ಆಸ್ಪೆಕ್ಸ್ ಉಪಕರಣದ ಡೇಟಾ ಇಳಿಸುತ್ತಿದ್ದೇನೆ, ಕರೆಂಟ್ ಇದ್ದಷ್ಟು ಹೊತ್ತು.