ಏಪ್ರಿಲ್ 23ರ ಹಲಗೆಯನ್ನು ಬರೆಯುವ ಬಗೆ

ನಮ್ಮ ಗ್ರಾಮ ಪಂಚಾಯಿತಿ ಗ್ರಂಥಾಲಯದ ಬಾಗಿಲ ಪಕ್ಕದಲ್ಲಿ ಮೂರಡಿ ಅಗಲದ ಕಪ್ಪು ಹಲಗೆಯೊಂದಿದೆ. ಬೇಸಿಗೆ ರಜೆ ಶುರುವಾದಂದಿನಿಂದ ಶಾಲೆ ತೆರೆಯುವವರೆಗೆ ದಿನಕ್ಕೊಂದು ಬಾರಿ ಅದರ ಮೇಲೆ ಆ ದಿನದ ವಿಶೇಷವನ್ನು ಬರೆಯುತ್ತೇನೆ. ಒಂಬತ್ತು ಬೇಸಿಗೆಗಳಿಂದ ಇದು ನಡೆದುಬಂದಿದೆ. ಅಕ್ಕಪಕ್ಕದ ಊರುಗಳ ಗ್ರಂಥಪಾಲಕಿಯರು ‘ಎಲ್ಲಿಂದ ಹುಡುಕುತ್ತೀರಿ, ಯಾವುದನ್ನು ಬಿಡುತ್ತೀರಿ’ ಎಂದು ಕೇಳುತ್ತಿರುತ್ತಾರೆ. ಒಂದೇ ದಿನವನ್ನು ಹಿಡಿದುಕೊಂಡು ಹೇಳಿದರೆ ತಿಳಿಯುವುದು ಸುಲಭ. ಅದಕ್ಕೆ ಏಪ್ರಿಲ್ 23ನ್ನು ತೆಗೆದುಕೊಂಡಿದ್ದೇನೆ. ಅದು ವಿಶ್ವ ಪುಸ್ತಕ ಮತ್ತು ಕೃತಿಸ್ವಾಮ್ಯ ದಿನ, ನಾವು ಬಿಡಲಾಗದ ದಿನ. ತಪ್ಪು ಬರೆಯಲು ಅತಿ ಹೆಚ್ಚು ಅವಕಾಶವಿರುವ ದಿನವೂ ಅದೇ.

ಒಂದು ವಾರ ಮೊದಲೇ ಶುರುಮಾಡಿ. ಪತ್ರಿಕೆ, ವಿಶ್ವಕೋಶ, ಮೊಬೈಲ್, ಹಳೆಯ ಕ್ಯಾಲೆಂಡರ್, ಎಲ್ಲಿ ಏನು ಸಿಕ್ಕಿದರೂ ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ. ಪ್ರತಿಯೊಂದರ ಎದುರಿಗೂ ಅದು ಸಿಕ್ಕಿದ್ದು ಎಲ್ಲಿ ಎಂದು ಗುರುತಿಸಿ. ಒಂದಕ್ಕೊಂದು ನೋಡಿ ಬರೆಯದ ಎರಡು ಕಡೆ ಸಿಗುವವರೆಗೆ ಯಾವುದೂ ಹಲಗೆಗೆ ಹೋಗಬಾರದು. ಮೊಬೈಲಿಗೆ ಬರುವ ‘ಇಂದಿನ ವಿಶೇಷ’ ಸಂದೇಶಗಳು ಹತ್ತಿದ್ದರೂ ಅವೆಲ್ಲವೂ ಒಂದೇ ಮೂಲದ ನಕಲುಗಳಾಗಿರುತ್ತವೆ. ಹತ್ತನ್ನೂ ಸೇರಿಸಿ ಒಂದು ಎಂದೇ ಎಣಿಸಿ.

ಈ ಎಚ್ಚರ ನನಗೆ ಬಂದದ್ದು ಎರಡನೆಯ ಬೇಸಿಗೆಯಲ್ಲಿ. ‘ಶೇಕ್ಸ್‌ಪಿಯರ್ ಮತ್ತು ಸ್ಪೇನಿನ ಕಾದಂಬರಿಕಾರ ಸರ್ವಾಂಟೆಸ್ ಇಬ್ಬರೂ 1616ರ ಏಪ್ರಿಲ್ 23ರಂದು, ಒಂದೇ ದಿನ ತೀರಿಕೊಂಡರು’ ಎಂದು ದೊಡ್ಡ ಅಕ್ಷರಗಳಲ್ಲಿ ಬರೆದಿದ್ದೆ. ಪತ್ರಿಕೆ ಓದಲು ಬರುವ ನಿವೃತ್ತ ಮೇಷ್ಟರೊಬ್ಬರು ಹಲಗೆಯ ಮುಂದೆ ಬಹಳ ಹೊತ್ತು ನಿಂತಿದ್ದು ಒಳಗೆ ಬಂದು, ‘ಅಮ್ಮಾ, ಆಗ ಇಂಗ್ಲೆಂಡಿಗೆ ಒಂದು ಪಂಚಾಂಗ, ಸ್ಪೇನಿಗೆ ಇನ್ನೊಂದು ಪಂಚಾಂಗ’ ಎಂದರು. ಅಂದು ಮಧ್ಯಾಹ್ನವೆಲ್ಲ ಕುಳಿತು ಓದಿದೆ. ಸ್ಪೇನ್ 1582ರಲ್ಲೇ ಗ್ರೆಗೋರಿಯನ್ ಕ್ಯಾಲೆಂಡರಿಗೆ ಬದಲಾಗಿತ್ತು. ಇಂಗ್ಲೆಂಡ್ 1752ರವರೆಗೂ ಹಳೆಯ ಜೂಲಿಯನ್ ಕ್ಯಾಲೆಂಡರನ್ನೇ ಇಟ್ಟುಕೊಂಡಿತ್ತು. 1616ರಲ್ಲಿ ಇವೆರಡರ ನಡುವೆ ಹತ್ತು ದಿನಗಳ ಅಂತರವಿತ್ತು. ಶೇಕ್ಸ್‌ಪಿಯರ್ ತೀರಿಕೊಂಡ ಏಪ್ರಿಲ್ 23 ಸ್ಪೇನಿನ ಲೆಕ್ಕದಲ್ಲಿ ಮೇ 3. ಸರ್ವಾಂಟೆಸ್ ತೀರಿಕೊಂಡದ್ದಾದರೋ ಮ್ಯಾಡ್ರಿಡ್‌ನಲ್ಲಿ ಏಪ್ರಿಲ್ 22ರಂದು. 23 ಅವನನ್ನು ಮಣ್ಣು ಮಾಡಿದ ದಿನ. ಶೇಕ್ಸ್‌ಪಿಯರ್ ಹುಟ್ಟಿದ್ದೂ 23ರಂದೇ ಎನ್ನುತ್ತಾರಲ್ಲ, ಅದಕ್ಕೆ ದಾಖಲೆಯಿಲ್ಲ. ದಾಖಲೆಯಿರುವುದು 1564ರ ಏಪ್ರಿಲ್ 26ರಂದು ಚರ್ಚಿನಲ್ಲಿ ನಡೆದ ದೀಕ್ಷಾಸ್ನಾನಕ್ಕೆ ಮಾತ್ರ.

ಹಾಗೆಂದು ಇದನ್ನು ಬಿಡಬೇಕಾಗಿಲ್ಲ. ನಾನು ಈಗ ‘ಒಂದೇ ತಾರೀಖು, ಹತ್ತು ದಿನಗಳ ಅಂತರ, ಹೇಗೆ?’ ಎಂಬ ಪ್ರಶ್ನೆಯಾಗಿ ಬರೆಯುತ್ತೇನೆ. ಮಕ್ಕಳು ಬೆರಳು ಮಡಚಿ ಎಣಿಸುತ್ತಾರೆ, ಜಗಳವಾಡುತ್ತಾರೆ, ಕೊನೆಗೆ ವಿಶ್ವಕೋಶದ ಕಪಾಟಿನ ಬೀಗದ ಕೈ ಕೇಳುತ್ತಾರೆ. ಅದೇ ನನಗೆ ಬೇಕಾದದ್ದು.

ಮುಂದಿನ ಕೆಲಸ, ತಾರೀಖಿಗೆ ಅಂಟಿಕೊಂಡಿರುವುದನ್ನೂ ತಿಥಿಗೆ ಅಂಟಿಕೊಂಡಿರುವುದನ್ನೂ ಬೇರೆ ಮಾಡುವುದು. ಹಳೆಯ ನೋಟ್‌ಬುಕ್ಕನ್ನು ನೋಡಿಕೊಂಡು ಹಾಗೆಯೇ ಇಳಿಸಿಬಿಟ್ಟರೆ ಕೆಡುವುದು ಇಲ್ಲಿಯೇ. 2024ರಲ್ಲಿ ಚೈತ್ರ ಹುಣ್ಣಿಮೆ ಏಪ್ರಿಲ್ 23ರಂದು ಬಿದ್ದಿತ್ತು, ಬೆಂಗಳೂರು ಕರಗ ಆ ರಾತ್ರಿ ಹೊರಟಿತು. ಮರುವರ್ಷ ಅದೇ ಕರಗ ಏಪ್ರಿಲ್ 12ರಂದು. ಆದ್ದರಿಂದ ಹಬ್ಬ, ಜಾತ್ರೆ, ಜಯಂತಿಗಳನ್ನು ನೋಟ್‌ಬುಕ್ಕಿನಲ್ಲಿ ಪೆನ್ಸಿಲ್ಲಿನಿಂದ ಬರೆಯಿರಿ, ತಾರೀಖಿನವನ್ನು ಪೆನ್ನಿನಿಂದ. ಪ್ರತಿ ಯುಗಾದಿಗೆ ಹೊಸ ಪಂಚಾಂಗ ಬಂದ ಕೂಡಲೇ ಪೆನ್ಸಿಲ್ ಗುರುತುಗಳನ್ನು ಅಳಿಸಿ ತಿದ್ದಿ.

ಗಡಿಯಾರದ ತೊಡಕು ಇನ್ನೊಂದು. ಯೂಟ್ಯೂಬ್‌ಗೆ ಮೊದಲ ವಿಡಿಯೊ ಸೇರಿದ್ದು 2005ರ ಏಪ್ರಿಲ್ 23ರಂದು. ಮೃಗಾಲಯದ ಆನೆಗಳ ಮುಂದೆ ನಿಂತು ಯುವಕನೊಬ್ಬ ಮಾತನಾಡುವ, ಇಪ್ಪತ್ತು ಸೆಕೆಂಡೂ ಇಲ್ಲದ ತುಣುಕು ಅದು. ಆದರೆ ಅದು ಕ್ಯಾಲಿಫೋರ್ನಿಯಾದ ರಾತ್ರಿ. ನಮ್ಮಲ್ಲಿ ಆಗಲೇ 24ರ ಬೆಳಗಾಗಿತ್ತು. ಅಂಥದ್ದನ್ನು ಬರೆಯುವಾಗ ‘ಅಲ್ಲಿಯ ಲೆಕ್ಕದಲ್ಲಿ’ ಎಂಬ ಎರಡು ಪದಗಳನ್ನು ಸೇರಿಸಿದರೆ ಸಾಕು.

ಇಷ್ಟಾದ ಮೇಲೆ ನಿಮ್ಮ ನೋಟ್‌ಬುಕ್ಕಿನಲ್ಲಿ ಇಪ್ಪತ್ತು ಸಂಗತಿಗಳಾದರೂ ಉಳಿದಿರುತ್ತವೆ. ಹಲಗೆಯಲ್ಲಿ ಐದಕ್ಕಿಂತ ಹೆಚ್ಚು ಬೇಡ. ಆರಿಸಲು ನನ್ನದೊಂದು ನಿಯಮವಿದೆ: ಕಪಾಟಿನಲ್ಲಿ ಅದಕ್ಕೆ ಸಂಬಂಧಿಸಿದ ಪುಸ್ತಕವಿಲ್ಲದಿದ್ದರೆ ಹಲಗೆಯಲ್ಲಿ ಹೆಸರೂ ಇಲ್ಲ. ಮಗು ಓದಿ, ಕುತೂಹಲದಿಂದ ಒಳಗೆ ಬಂದು ಕೇಳಿದಾಗ ಬರಿಗೈಯಲ್ಲಿ ಕಳುಹಿಸುವುದು ನನ್ನಿಂದಾಗದು. ಇಡೀ ಪುಸ್ತಕವೇ ಆಗಬೇಕೆಂದಿಲ್ಲ, ನಾಲ್ಕು ಪುಟಗಳಿದ್ದರೂ ಸರಿ. ಆ ಪುಟಕ್ಕೆ ಬಣ್ಣದ ಕಾಗದದ ಗುರುತಿಟ್ಟು ಹಿಂದಿನ ಸಂಜೆಯೇ ಮೇಜಿನ ಮೇಲೆ ಇರಿಸಿ. ಈ ನಿಯಮವನ್ನು ನಾನು ಮುರಿಯುವುದು ಎಸ್. ಜಾನಕಿಯವರಿಗಾಗಿ ಮಾತ್ರ. ಅವರು ಹುಟ್ಟಿದ್ದು 1938ರ ಏಪ್ರಿಲ್ 23ರಂದು, ಆಂಧ್ರದ ಗುಂಟೂರು ಸೀಮೆಯಲ್ಲಿ. ಅವರ ಬಗ್ಗೆ ನಮ್ಮಲ್ಲಿ ಪುಸ್ತಕವಿಲ್ಲ. ಆದರೆ ಕನ್ನಡದ ಎಷ್ಟು ಮನೆಗಳ ಅಡುಗೆಮನೆಯಲ್ಲಿ ಆ ಕಂಠ ಕೇಳಿಲ್ಲ! ಅಂದು ಹತ್ತು ಗಂಟೆಗೆ ಮೊಬೈಲಿನಲ್ಲಿ ಅವರ ಎರಡು ಹಾಡುಗಳನ್ನು ಹಾಕುತ್ತೇನೆ. ತೋಟದ ಕೆಲಸಕ್ಕೆ ಹೊರಟ ಹೆಂಗಸರು ಬಾಗಿಲಲ್ಲಿ ನಿಂತು ಕೇಳಿ ಹೋಗುತ್ತಾರೆ.

ಇನ್ನು ಹಲಗೆಯ ನಡುವಿನ ಜಾಗ. ಅದನ್ನು ನಿಮ್ಮ ಊರಿಗೆ ಅತಿ ಹತ್ತಿರವಿರುವವರಿಗೆ ಕೊಡಿ. ನಮ್ಮದು ಕಳಸದ ಕಡೆಯ ಊರು. ಕುದುರೆಮುಖದಿಂದ ಶೃಂಗೇರಿಗೆ ಹೋಗುವ ಕಾಡುದಾರಿಯಲ್ಲಿ, ತುಂಗಾ, ಭದ್ರಾ, ನೇತ್ರಾವತಿ ಹುಟ್ಟುವ ಗಂಗಾಮೂಲದಲ್ಲಿ, 1858ರ ಏಪ್ರಿಲ್ 23ರಂದು ಒಂದು ಹೆಣ್ಣುಮಗು ಹುಟ್ಟಿತು. ತಂದೆ ಅನಂತ ಶಾಸ್ತ್ರಿ ಡೋಂಗ್ರೆ, ಘಟ್ಟದ ಕೆಳಗೆ ಕಾರ್ಕಳದ ಹತ್ತಿರದ ಮಾಳದವರು. ಹೆಂಡತಿ ಲಕ್ಷ್ಮೀಬಾಯಿಗೆ ಸಂಸ್ಕೃತ ಕಲಿಸಿದ್ದಕ್ಕೆ ಎದುರಾದ ವಿರೋಧದಿಂದ ಕಾಡಿಗೆ ಬಂದು ನೆಲೆಸಿದ್ದರು. ಮಗುವಿಗೆ ಆರು ತಿಂಗಳಾಗುವ ಹೊತ್ತಿಗೆ ಕುಟುಂಬ ಕಾಡನ್ನೂ ಬಿಟ್ಟು ತೀರ್ಥಯಾತ್ರೆಗೆ ಹೊರಟಿತು. ಮಗುವನ್ನು ಬೆತ್ತದ ಪೆಟ್ಟಿಗೆಯಲ್ಲಿಟ್ಟು, ಆಳೊಬ್ಬನ ತಲೆಯ ಮೇಲೆ ಹೊರಿಸಿಕೊಂಡು ಬೆಟ್ಟ ಇಳಿದರು. ಮುಂದೆ ಬರಗಾಲದಲ್ಲಿ ತಂದೆತಾಯಿಯರನ್ನು ಕಳೆದುಕೊಂಡು, ಅಣ್ಣನೊಡನೆ ನಡೆದು ನಡೆದು 1878ರಲ್ಲಿ ಕಲ್ಕತ್ತೆ ತಲುಪಿದ ಆ ಹುಡುಗಿಗೆ ಅಲ್ಲಿನ ವಿದ್ವಾಂಸರು ‘ಪಂಡಿತಾ’, ‘ಸರಸ್ವತಿ’ ಎಂಬ ಬಿರುದುಗಳನ್ನು ಕೊಟ್ಟರು. ಅವಳೇ ಪಂಡಿತಾ ರಮಾಬಾಯಿ. ವಿಧವೆಯರಿಗಾಗಿ 1889ರಲ್ಲಿ ಮುಂಬೈಯಲ್ಲಿ ಶಾರದಾ ಸದನವನ್ನು ತೆರೆದವರು.

ನಮ್ಮ ಮಕ್ಕಳಿಗೆ ಬಿರುದು, ಇಸವಿಗಳಿಗಿಂತ ಆ ಬೆತ್ತದ ಪೆಟ್ಟಿಗೆ ಹಿಡಿಸುತ್ತದೆ. ಯಾವ ದಾರಿಯಲ್ಲಿ ಇಳಿದಿರಬಹುದು, ಮಳೆ ಬರುತ್ತಿತ್ತೆ, ಮಗು ಅತ್ತಿತೆ ಎಂದು ಕೇಳುತ್ತಾರೆ. ತಿಂಗಳ ಲೆಕ್ಕ ಹಾಕಿಸುತ್ತೇನೆ: ಏಪ್ರಿಲ್‌ನಿಂದ ಆರು ತಿಂಗಳು ಎಂದರೆ ಮಳೆಗಾಲ ಮುಗಿಯುವ ಹೊತ್ತು. ಜಾರುವ ದಾರಿ, ಜಿಗಣೆ. ಇಲ್ಲಿಯ ಮಕ್ಕಳಿಗೆ ಅದನ್ನು ವಿವರಿಸಬೇಕಾಗಿಲ್ಲ.

ತಾರೀಖು ಮಾತ್ರವಲ್ಲದೆ ಇಸವಿಯೂ ಒಂದೇ ಆಗಿರುವವುಗಳನ್ನು ಹುಡುಕಿ ನೋಡಿ, ಇದು ಬಹಳ ಜನ ಮಾಡದ ಕೆಲಸ. 1858ರ ಅದೇ ಏಪ್ರಿಲ್ 23ರಂದು ಜರ್ಮನಿಯ ಕೀಲ್ ಪಟ್ಟಣದಲ್ಲಿ ಮ್ಯಾಕ್ಸ್ ಪ್ಲಾಂಕ್ ಹುಟ್ಟಿದ. ಶಕ್ತಿಯು ಸಣ್ಣ ಸಣ್ಣ ಕಂತೆಗಳಲ್ಲಿ ಹೊಮ್ಮುತ್ತದೆ ಎಂದು 1900ರಲ್ಲಿ ತೋರಿಸಿದವನು ಅವನು. ಅದೇ ದಿನ ಬಿಹಾರದ ಜಗದೀಶಪುರದಲ್ಲಿ, 1857ರ ದಂಗೆಯ ನಾಯಕರಲ್ಲೊಬ್ಬನಾದ, ಎಂಬತ್ತರ ಆಸುಪಾಸಿನ ಕುಂವರ್ ಸಿಂಗ್ ಬ್ರಿಟಿಷ್ ಪಡೆಯನ್ನು ಸೋಲಿಸಿದ. ಮೂರು ದಿನಗಳ ಬಳಿಕ ತೀರಿಕೊಂಡ. ಗುಂಡು ತಗುಲಿದ ತೋಳನ್ನು ತಾನೇ ಕತ್ತರಿಸಿ ಗಂಗೆಗೆ ಅರ್ಪಿಸಿದನೆಂದು ಜನ ಹೇಳುತ್ತಾರೆ. ಇಂಥ ಕಥೆಗೆ ‘ಎಂದು ಜನ ಹೇಳುತ್ತಾರೆ’ ಎಂಬ ಮಾತನ್ನು ತಪ್ಪದೆ ಸೇರಿಸಿ. ಒಂದು ತೊಟ್ಟಿಲು ಕೀಲ್‌ನಲ್ಲಿ, ಒಂದು ನಮ್ಮ ಕಾಡಿನಲ್ಲಿ, ಅದೇ ಹೊತ್ತಿಗೆ ಒಂದು ಯುದ್ಧ ಗಂಗೆಯ ಬಯಲಿನಲ್ಲಿ. ಮೂರು ಊರುಗಳ ಹೆಸರುಗಳನ್ನು ಒಂದರ ಕೆಳಗೊಂದು ಬರೆದು, ಗೋಡೆಯ ಭೂಪಟದಲ್ಲಿ ಮೂರಕ್ಕೂ ಕೆಂಪು ಗುಂಡುಪಿನ್ನು ಚುಚ್ಚುತ್ತೇನೆ. ಎಂಟನೆಯ ತರಗತಿಯ ಹುಡುಗನೊಬ್ಬ ಅದರ ಮುಂದೆ ನಿಂತು, ‘ಹಾಗಾದರೆ ಇವರ್ಯಾರಿಗೂ ಒಬ್ಬರ ವಿಷಯ ಒಬ್ಬರಿಗೆ ಗೊತ್ತೇ ಇರಲಿಲ್ಲ’ ಎಂದ. ಆ ಮಾತನ್ನು ನಾನು ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಂಡಿದ್ದೇನೆ.

ಪುಸ್ತಕ ದಿನಕ್ಕೆ ಒಂದೇ ಸಾಲು ಸಾಕು. ಸ್ಪೇನಿನಲ್ಲಿ 1926ರಲ್ಲಿ ಶುರುವಾದಾಗ ಅದು ಅಕ್ಟೋಬರ್ 7ರಂದು ಇತ್ತು, 1930ರಲ್ಲಿ ಏಪ್ರಿಲ್ 23ಕ್ಕೆ ಬಂತು, 1995ರಲ್ಲಿ ಯುನೆಸ್ಕೊ ಅದನ್ನು ಜಗತ್ತಿನ ದಿನವೆಂದು ಸಾರಿತು. ಕ್ಯಾಟಲೋನಿಯಾದಲ್ಲಿ ಅಂದು ಒಬ್ಬರಿಗೊಬ್ಬರು ಗುಲಾಬಿ, ಪುಸ್ತಕ ಕೊಡುತ್ತಾರೆ. ಕೃತಿಸ್ವಾಮ್ಯ ಎಂದರೇನೆಂದು ತಿಳಿಸಲು ಒಂದು ಲೆಕ್ಕ ಬರೆಯಿರಿ. ಸತ್ಯಜಿತ್ ರಾಯ್ ತೀರಿಕೊಂಡದ್ದು 1992ರ ಏಪ್ರಿಲ್ 23ರಂದು. ನಮ್ಮ ಕಾನೂನಿನಲ್ಲಿ ಲೇಖಕ ತೀರಿಕೊಂಡ ಮರುವರ್ಷದ ಮೊದಲ ದಿನದಿಂದ ಅರವತ್ತು ವರ್ಷ ಎಣಿಸಬೇಕು. ಅವರು ಬರೆದ ಪತ್ತೇದಾರಿ ಕಥೆಗಳು ಎಲ್ಲರ ಸ್ವತ್ತಾಗುವುದು ಯಾವ ವರ್ಷ? 2053ರ ಜನವರಿ 1 ಎಂದು ಮೊದಲು ಹೇಳಿದವರಿಗೆ ಒಂದು ಪುಸ್ತಕವನ್ನು ಹೆಚ್ಚುವರಿಯಾಗಿ ಮನೆಗೆ ಕೊಡುತ್ತೇನೆ.

ಸಾವಿನ ನೆನಪೂ ಇರುವ ಹಲಗೆಯ ತಲೆಯ ಮೇಲೆ ‘ಶುಭಾಶಯ’ ಎಂದು ಬರೆಯಬೇಡಿ. ಹುಟ್ಟಿಗೆ ಹಳದಿ, ಅಗಲಿಕೆಗೆ ಬಿಳಿ, ಆಚರಣೆಗೆ ಹಸಿರು ಎಂದು ಬಣ್ಣ ಹಂಚಿಕೊಂಡರೆ ಎರಡೇ ದಿನಗಳಲ್ಲಿ ಮಕ್ಕಳಿಗೆ ರೂಢಿಯಾಗುತ್ತದೆ. ಸೀಮೆಸುಣ್ಣವನ್ನು ನೀರಿನಲ್ಲಿ ಅದ್ದಿ ಬರೆಯಿರಿ. ಒಣಗಿದ ಮೇಲೆ ಅಕ್ಷರ ದಟ್ಟವಾಗಿ ಕಾಣುತ್ತದೆ, ಪುಟ್ಟ ಕೈಗಳು ಸವರಿದರೂ ಸುಲಭವಾಗಿ ಅಳಿಯುವುದಿಲ್ಲ. ಕೊನೆಯ ಸಾಲಿನಲ್ಲಿ ಸದಾ ಒಂದು ಪ್ರಶ್ನೆಯಿರಲಿ.

ಡಾ. ರಾಜಕುಮಾರ್ ಅವರನ್ನು ಸೇರಿಸಿ ಎಂದು ಪ್ರತಿ ವರ್ಷವೂ ಯಾರಾದರೂ ಒತ್ತಾಯಿಸುತ್ತಾರೆ. ಅವರದು 24. 1993ರಲ್ಲಿ ಸಂವಿಧಾನದ 73ನೆಯ ತಿದ್ದುಪಡಿ ಜಾರಿಗೆ ಬಂದದ್ದೂ 24ರಂದೇ, ಹಾಗಾಗಿ ಅದು ಪಂಚಾಯತ್ ರಾಜ್ ದಿನ. 23ರ ಸಂಜೆ ಬಾಗಿಲು ಹಾಕುವ ಮೊದಲು ಹಲಗೆಯಲ್ಲಿದ್ದುದನ್ನು ನೋಟ್‌ಬುಕ್ಕಿಗೆ ಇಳಿಸಿಕೊಂಡು, ಭೂಪಟದ ಪಿನ್ನುಗಳನ್ನು ಡಬ್ಬಿಗೆ ಹಾಕಿ, ಒದ್ದೆ ಬಟ್ಟೆಯಿಂದ ಹಲಗೆ ಒರೆಸುತ್ತೇನೆ. ಬೆಳಗಾಗುವಷ್ಟರಲ್ಲಿ ಒಣಗಿರುತ್ತದೆ.